ಗಿರಿಜಾ ಹುಡುಕಿದ ಔಷಧ

ನಾನು ಸುಳ್ಳು ಹೇಳಿದ್ದೆ. ಮಾಡದ ಪ್ರಯೋಗವನ್ನು ಮಾಡಿದ್ದೇನೆ ಎಂದಿದ್ದೆ. ಆ ಒಂದು ಮಾತಿಗೆ ನನ್ನ ಗೆಳತಿ ಗಿರಿಜಾ ಸಂಶೋಧನೆಯನ್ನೇ ಬಿಟ್ಟು ಹೋದಳು. ಇಂದು ಸ್ತನ ಕ್ಯಾನ್ಸರಿಗೆ ಕೊಡುವ, ಜನ ನನ್ನ ಹೆಸರಿನ ಜೊತೆ ಹೇಳುವ ಆ ಔಷಧ— ಅದು ಅವಳದು.

ನಾನು ಮುದಗಲ್ಲಿನವಳು, ಅವಳು ಮಸ್ಕಿಯವಳು. ಲಿಂಗಸುಗೂರಿನ ಕಾಲೇಜಿನಲ್ಲಿ ಒಂದೇ ಬೆಂಚು. ಮುಂದೆ ಹೈದರಾಬಾದಿನಲ್ಲಿ ಒಂದೇ ಪ್ರಯೋಗಾಲಯ. ಒಂದೊಂದೇ ರಾಸಾಯನಿಕವನ್ನು ಕ್ಯಾನ್ಸರ್ ಜೀವಕೋಶಗಳ ಮೇಲೆ ಹಾಕಿ, ಅವು ಸಾಯುತ್ತವೆಯೇ ಎಂದು ನೋಡುವುದು ನಮ್ಮ ಕೆಲಸ. ಮರುದಿನಕ್ಕೂ ಸಾಯದಿದ್ದರೆ ಆ ರಾಸಾಯನಿಕವನ್ನು ಬದಿಗಿಡುತ್ತಿದ್ದೆವು. ಹಾಗೆ ಬದಿಗಿಟ್ಟದ್ದೊಂದನ್ನು ಗಿರಿಜಾ ಎತ್ತಿಕೊಂಡು ಇನ್ನೂ ಎರಡು ದಿನ ಕಾದಳು. ಕೋಶಗಳು ಸತ್ತಿದ್ದವು.

“ಇದು ಸಾವಕಾಶ ಕೆಲಸ ಮಾಡ್ತೈತಿ ಬೇ ಸಬಿಹಾ! ಅವಸರ ಮಾಡಿದ್ರ ಕಾಣಂಗಿಲ್ಲ,” ಎಂದು ನನ್ನ ಕೈ ಹಿಡಿದು ಕುಣಿದಳು.

ನಮ್ಮ ಸಂಶೋಧನೆಯ ಗುರುಗಳು ನಂಬಲಿಲ್ಲ. ಅದನ್ನೇ ಇನ್ನೊಮ್ಮೆ ಮಾಡಿ ನೋಡಲು ನನಗೆ ಹೇಳಿದರು. ನಾನು ಮಾಡಲಿಲ್ಲ. ಅವಳು ನನಗಿಂತ ಮುಂದೆ ಹೋಗುತ್ತಾಳೆಂದು ಹೊಟ್ಟೆ ಉರಿದಿತ್ತು— ಅಷ್ಟೇ, ಬೇರೆ ಕಾರಣವಿಲ್ಲ. ಕೆಲ ದಿನ ಬಿಟ್ಟು ಎಲ್ಲರೆದುರು ಹೇಳಿದೆ:

“ಮಾಡಿ ನೋಡಿದೆ ಸರ್. ಬರಲಿಲ್ಲ.”

ಫಲಿತಾಂಶವನ್ನು ಅವಳೇ ಸೃಷ್ಟಿಸಿದಳೆಂದು ಪ್ರಯೋಗಾಲಯದ ತುಂಬ ಗುಸುಗುಸು. ಗಿರಿಜಾ ವಾದಿಸಿದಳು, ಅತ್ತಳು, ಕೊನೆಗೆ ಗಂಟುಮೂಟೆ ಕಟ್ಟಿದಳು. ಅವಳು ಹೋದ ಮೇಲೆ— ಯಾಕೋ ತಡೆಯಲಾಗದೆ— ಆ ಪ್ರಯೋಗ ಮಾಡಿದೆ. ಅವಳು ಹೇಳಿದಂತೆಯೇ ಆಯಿತು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಆ ರಾಸಾಯನಿಕಕ್ಕೆ ಹೊಸ ಹೆಸರಿಟ್ಟು ನನ್ನದೆಂದೆ.

ವರ್ಷಗಟ್ಟಲೆ ಪರೀಕ್ಷೆಗಳಾದವು. ಔಷಧ ಗೆದ್ದಿತು! ಹಾಸಿಗೆ ಹಿಡಿದಿದ್ದ ಹೆಂಗಸರು ಎದ್ದು ನಡೆದುಕೊಂಡು ಮನೆಗೆ ಹೋದರು. ಅವರು ನನ್ನ ಕೈ ಹಿಡಿದಾಗಲೆಲ್ಲ ಗಿರಿಜಾಳ ಕೈ ನೆನಪಾಗುತ್ತಿತ್ತು.

ಈ ವರ್ಷ ಸಿಂಧನೂರಿನಲ್ಲಿ ನನಗೆ ಸನ್ಮಾನವೆಂದು ಕರೆದರು. ಗಿರಿಜಾ ಅಲ್ಲೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ನಡೆದದ್ದನ್ನೆಲ್ಲ ಮೊದಲು ನಮ್ಮ ಸಂಶೋಧನಾ ಸಂಸ್ಥೆಗೆ ಬರೆದುಕೊಟ್ಟೆ. ಸನ್ಮಾನದ ಹಿಂದಿನ ದಿನ ಅವಳ ಮನೆಗೆ ಹೋಗಿ, ನಿಂತೇ ಎಲ್ಲವನ್ನೂ ಹೇಳಿದೆ.

ಅವಳು ತಿದ್ದುತ್ತಿದ್ದ ಉತ್ತರಪತ್ರಿಕೆಗಳನ್ನು ಮೇಜಿನ ಬದಿಗೆ ಸರಿಸಿದಳು. ಆಮೇಲೆ ಕೇಳಿದಳು, “ಒಳ್ಳೆ ಕೋಶ ಉಳೀತಾವೇನು?”

“ಉಳೀತಾವ.”

“ಹೆಣ್ಮಕ್ಕಳು ಬದುಕ್ಯಾರ?”

“ಬದುಕ್ಯಾರ ಗಿರಿಜಾ. ಭಾಳ ಮಂದಿ ಬದುಕ್ಯಾರ.”

ಅವಳು ಮೇಜಿಗೆ ಗುದ್ದಿ ಎದ್ದಳು. “ನಾ ಅಂದಿದ್ದಿಲ್ಲೇನ್ಲೇ!” ಕಣ್ಣಲ್ಲಿ ನೀರು, ಮುಖದ ತುಂಬ ನಗು. ಮರುಗಳಿಗೆಯೇ ದನಿ ಗಟ್ಟಿಯಾಯಿತು. “ನಿನ್ನ ಮಾತ್ರ ಮಾಫ್ ಮಾಡಂಗಿಲ್ಲ. ನಾಳೆ ಮಂದಿ ಮುಂದ ಹೇಳು.”

ಹೇಳಿದೆ. ನಂತರ ಹಿಂದಿನ ಸಾಲಿನಲ್ಲಿ ಅವಳ ವಿದ್ಯಾರ್ಥಿನಿಯರು ಎದ್ದು ನಿಂತರು— “ಗಿರಿಜಾ ಮೇಡಂ! ಗಿರಿಜಾ ಮೇಡಂ!” ಇಡೀ ಸಭಾಂಗಣವೇ ಎದ್ದಿತು. ಅವರ ನಡುವೆ ಕುಳಿತಿದ್ದ ಗಿರಿಜಾ ಸೆರಗು ಸರಿಪಡಿಸಿಕೊಂಡು ವೇದಿಕೆ ಹತ್ತಿದಳು. ನನ್ನ ಬಗ್ಗೆ ಒಂದು ಮಾತೂ ಆಡದೆ, ಕ್ಲಾಸಿನಲ್ಲಿ ಪಾಠ ಮಾಡುವಂತೆ, ಆ ಔಷಧ ಕೋಶದೊಳಗೆ ಹೇಗೆ ಕೆಲಸ ಮಾಡುತ್ತದೆಂದು ಬಿಡಿಸಿ ಹೇಳತೊಡಗಿದಳು.

ಸಂಸ್ಥೆ ನನ್ನಿಂದ ಏನನ್ನು ಕಿತ್ತುಕೊಳ್ಳುತ್ತದೋ ಗೊತ್ತಿಲ್ಲ, ಕೇಳಿದ್ದನ್ನೆಲ್ಲ ಕೊಡುತ್ತೇನೆ. ಅಂದು ಮಾತ್ರ ನಾನು ವೇದಿಕೆಯಿಂದ ಇಳಿದು, ಜನರ ನಡುವೆ ನಿಂತು, ಅವಳು ಮುಗಿಸುವವರೆಗೂ ಕೇಳಿದೆ.