ಬಂಗಾರದ ಪರದೆಯ ಹಿಂದಿನಾಕೆ

ಕಿನ್ನಾಳದ ಗಾಳೇಶನದು ಬೊಂಬೆಗಳಿಗೆ ಬಣ್ಣ ಹಾಕುವ ಮನೆತನ. ಹಳೆಯ ಪಟಗಳ ರಿಪೇರಿಯಲ್ಲೂ ಅವನ ಕೈ ಪಳಗಿತ್ತು. ಕಳೆದ ವರ್ಷ ಯಲಬುರ್ಗಾ ಕಡೆಯ ಅರಮನೆಯಂಥ ಒಂದು ವಾಡೆಯ ಬಸವಕುಮಾರ ದೇಸಾಯರು ತಮ್ಮ ಪೂರ್ವಜ ದೊರೆಯ ಪಟವನ್ನು ಕಾರಿನಲ್ಲಿ ತಂದರು. ಗೋಂದು ಕಲಸಿದ ದಟ್ಟ ನೀರುಬಣ್ಣ, ರುಮಾಲಿಗೂ ಹಾರಕ್ಕೂ ಅಪ್ಪಟ ಬಂಗಾರ. ದೊರೆಯ ಪಕ್ಕದಲ್ಲಿ ಒಬ್ಬ ಹೆಂಗಸು ವೀಳ್ಯದೆಲೆ ಮಡಿಚಿ ಕೊಡುತ್ತ ನಿಂತಿದ್ದಳು.

"ಈಕಿ ಮದುವಿ ಆದಾಕಿ ಅಲ್ಲ, ಇಟ್ಟುಕೊಂಡಾಕಿ," ಎಂದರು ದೇಸಾಯರು. "ಮುಂದಿನ ತಿಂಗಳ ಬೀಗರು ಬರ್ತಾರ. ಈಕಿ ಮ್ಯಾಲೆ ಒಂದು ಬಂಗಾರದ ಪರದೆ ಬರದುಬಿಡು."

ಗಾಳೇಶ ಇಲ್ಲವೆನ್ನಲಿಲ್ಲ. ಅವಳ ಮುಖದ ಬಣ್ಣ ಚಕ್ಕೆ ಎದ್ದಿತ್ತು; ಅಂಥದರ ಮೇಲೆ ಬಂಗಾರದ ತೆಳು ರೇಕು ಕೂರುವುದಿಲ್ಲ. ಹಾಗಾಗಿ ಮೊದಲು ಅವಳ ಮುಖವನ್ನು ಕೆರೆದು ನುಣುಪು ಮಾಡಿದ. ಕೆರೆಯುವಾಗ ಆ ಮುಖ ನೋಡಲಾಗದೆ ಕೈಯ ಹಸಿರು ಬಳೆಗಳನ್ನೇ ನೋಡುತ್ತಿದ್ದ. ಪರದೆ ಚಂದ ಬಂತು. ದೇಸಾಯರು ಬೆನ್ನು ತಟ್ಟಿದರು.

ದಸರೆ ಕಳೆದ ಮೇಲೆ ಹಿಟ್ನಾಳದಿಂದ ಪಾರಮ್ಮ ಎಂಬ ಮುದುಕಿ ಮನೆ ಹುಡುಕಿಕೊಂಡು ಬಂದಳು.

"ನಮ್ಮ ಮುತ್ತಜ್ಜಿ ಆ ವಾಡೇದ ಪಟದಾಗ ಅದಾಳ ಅಂತ ನಮ್ಮವ್ವ ಹೇಳತಿದ್ಲು. ನೋಡಾಕ ಹೋದ್ರ ಅಲ್ಲಿ ಪರದೆ ಐತ್ರಿ. ರಿಪೇರಿ ಮಾಡಿದವ್ರು ನೀವಂತ, ವಾಡೇದ ಆಳು ಹೇಳಿದ. ಪರದೆ ತಗದ್ರ ಆಕಿ ಕಾಣ್ತಾಳೇನ್ರಿ?"

ದೇಸಾಯರನ್ನು ಕೇಳಿ ಎಂದು ಸಾಗಹಾಕಬಹುದಿತ್ತು. ಗಾಳೇಶ ಹಾಗೆ ಮಾಡಲಿಲ್ಲ.

"ಇಲ್ಲ ಯವ್ವಾ. ಮಾರಿ ನಾನ ಕೆರದೀನಿ."

ಪಾರಮ್ಮ ಹೊರಡಲು ಎದ್ದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ನಿಮ್ಮ ಹೋಲಿಕಿ ಮ್ಯಾಲೆ ಹೊಸಾದೊಂದು ಬರದು ಕೊಡ್ತೀನ್ರಿ," ಎಂದ.

"ನನ್ನ ಮಾರಿ ದಿನಾ ಕನ್ನಡ್ಯಾಗ ನೋಡ್ತೀನ್ರಿ. ನೀವು ಕಂಡಿದ್ದನ್ನಷ್ಟ ಬರೀರಿ."

ಅವನು ಕಂಡದ್ದು ಒಂದು ಕೈ, ಹಸಿರು ಬಳೆ, ಮಡಿಚಿದ ಎಲೆ. ಅಷ್ಟನ್ನೇ ಬರೆದು, ಬಳೆಯ ಅಂಚಿಗೆ ಬಂಗಾರ ಹಚ್ಚಿ, ತಾನೇ ಹಿಟ್ನಾಳಕ್ಕೆ ಒಯ್ದ. ಪಾರಮ್ಮ ಅದನ್ನು ದೇವರ ಜಗಲಿಯ ಮೇಲಿಟ್ಟಳು. ಮನೆಯವರೆಲ್ಲ ಬಂದು ಕೈಮುಗಿದರು. ಮೊಮ್ಮಗಳು ಶಿವಲೀಲಾ, "ಅಜ್ಜಿ, ಮಾರಿ ಯಾಕಿಲ್ಲ?" ಎಂದಳು.

ಪಾರಮ್ಮ ಗಾಳೇಶನ ಕಡೆ ನೋಡಿದಳು. ಎಲ್ಲರೆದುರು ಅವನೇ ಹೇಳಬೇಕಾಯಿತು, ಹೇಳಿದ.

ಈಗಲೂ ಅವನು ಬೊಂಬೆಗಳಿಗೆ ಬಣ್ಣ ಹಾಕುತ್ತಾನೆ. ಹಳೆಯ ಪಟಗಳನ್ನು ಮುಟ್ಟುವುದಿಲ್ಲ. ಹುಣ್ಣಿಮೆಗೆ ಹುಲಿಗಿಯ ದೇವಿಯ ದರ್ಶನಕ್ಕೆ ಹೊರಟಾಗ, ಬಸ್ಸು ಹಿಟ್ನಾಳ ದಾಟುವ ತನಕ ಕಿಟಕಿಯಾಚೆ ನೋಡುವುದಿಲ್ಲ.