ಅಮ್ಮ ಕುಲುಕಿ ಆರಿಸಿದ ಪವರ್ ಸಪ್ಲೈ

ಮಿತ್ರರೇ, ಇದನ್ನು ಎದ್ದು ನಿಂತು ಓದತಕ್ಕದ್ದು.

ನನ್ನ ಗೇಮಿಂಗ್ ಕಂಪ್ಯೂಟರಿಗೆ ಪವರ್ ಸಪ್ಲೈ, ಅಂದರೆ ಒಳಗೆ ಕರೆಂಟು ಹಂಚುವ ಡಬ್ಬಿ, ಕೊಳ್ಳಲು ಇವತ್ತು ಶಿವಾಜಿನಗರಕ್ಕೆ ಹೋದೆ. ಕಳಪೆಯದು ತಂದರೆ ಹೊಸ ಗ್ರಾಫಿಕ್ಸ್ ಕಾರ್ಡು ಸುಟ್ಟೇ ಹೋಗುತ್ತದೆ. ತರಕಾರಿಗೆಂದು ಹೊರಟಿದ್ದ ಅಮ್ಮನೂ ಜೊತೆಗಿದ್ದಳು. ಅಂಗಡಿಯವನು ತೋರಿಸಿದ ನೀಲಿ ದೀಪದ ಸಪ್ಲೈಗೆ ನಾನು ಮರುಳಾದೆ. ಅಮ್ಮ ಅದನ್ನೆತ್ತಿ ಕಿವಿಯ ಹತ್ತಿರ ಹಿಡಿದು ಕುಲುಕಿದಳು.

"ಅಮ್ಮಾ, ಅದೇನು ತೆಂಗಿನಕಾಯಾ?" ಎಂದು ಅಂಗಡಿಯವನು ನಕ್ಕ.

"ಕಾಯಾಗಿದ್ರೆ ನೀರಾದ್ರೂ ಇರ್ತಿತ್ತು. ಇದ್ರೊಳಗೆ ಏನೋ ಗಲಗಲ ಅಂತಿದೆಯಲ್ರೀ!"

ಇನ್ನೊಮ್ಮೆ ಕುಲುಕಿದಳು. ಒಳಗಿನಿಂದ ಸ್ಕ್ರೂ ಒಂದು ಟಣ್ಣನೆ ಮೇಜಿನ ಮೇಲೆ ಬಿತ್ತು. ಅಂಗಡಿಯವನು ಬೇರೊಂದನ್ನು ತೆಗೆದ. ಅದು ಕಲ್ಲಿನಂತೆ ಭಾರ, ಕುಲುಕಿದರೂ ಸದ್ದಿಲ್ಲ. ಅದನ್ನೇ ತಂದು ಜೋಡಿಸಿ ಸಂಜೆಯಿಂದ ಆಡುತ್ತಿದ್ದೇನೆ, ಕಂಪ್ಯೂಟರು ಒಮ್ಮೆಯೂ ಕೆಮ್ಮಿಲ್ಲ.

ಇನ್ನು ಮುಂದೆ ಪವರ್ ಸಪ್ಲೈ ಕೊಳ್ಳುವ ಸಕಲರೂ ನಮ್ಮಮ್ಮನನ್ನು ಕಾಣತಕ್ಕದ್ದು. ದಕ್ಷಿಣೆ ಒಂದು ತೆಂಗಿನಕಾಯಿ. ಅದನ್ನೂ ಕುಲುಕಿಯೇ ತೆಗೆದುಕೊಳ್ಳುತ್ತಾಳೆ.