ಹನ್ನೆರಡನೆಯ ಕೆನ್ನೆ

ಬೆಳಗ್ಗೆ ಆರೂವರೆ. ಪೌಡರ್ ಕಾರ್ಖಾನೆಯ ಮೂರನೆಯ ಮಹಡಿಯ ಮೂಲೆ ಕೋಣೆಯಲ್ಲಿ ಬಣ್ಣದಕ್ಕ ಟ್ಯೂಬ್‌ಲೈಟ್ ಆರಿಸಿ ಕಿಟಕಿಯ ಪರದೆ ಸರಿಸುತ್ತಾಳೆ. ಎದುರಿನ ಕಟ್ಟಡವನ್ನು ದಾಟಿ ಬಿಸಿಲು ಒಳಗೆ ಬರಲು ಇನ್ನೂ ಎರಡು ಗಂಟೆಯಿದೆ. ಅವಳ ಮುಖ್ಯ ಕೆಲಸವೆಲ್ಲ ಆ ಎರಡು ಗಂಟೆಯಲ್ಲೇ. ರವಿಕೆಯ ತೋಳು ಮಡಚಿ, ಎಡ ಮುಂಗೈಯ ಒಳಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬೆರಳ ತುದಿಯಲ್ಲಿ ಬ್ಲಶ್ ಪುಡಿ ಅದ್ದಿ ಒಂದು ಗೀಟು ಎಳೆಯುತ್ತಾಳೆ. ಅದರ ಪಕ್ಕದಲ್ಲಿ ಇನ್ನೊಂದು.

"ಟ್ಯೂಬ್‌ಲೈಟ್ ಸುಳ್ಳು ಹೇಳುತ್ತೆ, ಬಿಸಿಲು ಮುಖಸ್ತುತಿ ಮಾಡುತ್ತೆ. ಈ ಹೊತ್ತಿನ ಬೆಳಕಿಗೆ ಮಾತ್ರ ಯಾರ ದಾಕ್ಷಿಣ್ಯವೂ ಇಲ್ಲ" ಎನ್ನುತ್ತಾಳೆ, ಕಣ್ಣು ಮುಂಗೈಯಿಂದ ಕೀಳದೆ.

ಹೆಂಗಸರು ಕೆನ್ನೆಗೆ ಹಚ್ಚಿಕೊಳ್ಳುವ ಬಣ್ಣದ ಡಬ್ಬಿಯ ಮೇಲೆ ಕಂಪನಿಯ ಹೆಸರಿರುತ್ತದೆ, ನಗುವ ಚೆಲುವೆಯ ಚಿತ್ರವಿರುತ್ತದೆ. ಒಳಗಿನ ಬಣ್ಣ ಸರಿಯಿದೆ ಎಂದವರ ಸುಳಿವು ಎಲ್ಲೂ ಇರುವುದಿಲ್ಲ. ಇಪ್ಪತ್ತು ವರ್ಷಗಳಿಂದ ಈ ಕಾರ್ಖಾನೆಯಲ್ಲಿ ಹಾಗೆನ್ನುತ್ತಿರುವವಳು ಬಣ್ಣದಕ್ಕ. ದಿನಕ್ಕೆ ನಲವತ್ತು ಗೀಟು, ನಲವತ್ತು ಸಲ ಒರೆಸುವುದು. ಚಳಿ ಶುರುವಾದರೆ ಮುಂಗೈ ಬಿರುಕು ಬಿಟ್ಟು ಉರಿಯುತ್ತದೆ. "ಮನೇಲಿ ಸಾರಿಗೆ ಉಪ್ಪು ಹಾಕೋಕೂ ಬಲಗೈನೇ" ಎಂದು ನಗುತ್ತಾಳೆ.

ಮೊದಲು ಅವಳು ಕೆಳಗೆ ಪ್ಯಾಕಿಂಗ್‌ನಲ್ಲಿದ್ದವಳು. ಒಂದು ದಿನ ಯಜಮಾನರು ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ, ಕೈ ಮುಂದೆ ಚಾಚಿ ಎಂದರು. ಇವಳ ಮುಂದೆ ನಿಂತು, "ಕಾಗದ ಇದ್ದ ಹಾಗಿದೆ. ಇದರ ಮೇಲೆ ಬಣ್ಣ ಇದ್ದಿದ್ದು ಇದ್ದ ಹಾಗೇ ಕಾಣುತ್ತೆ" ಎಂದರು. ಅಂದಿನಿಂದ ಮೇಲಿನ ಕೋಣೆ, ಕುರ್ಚಿ, ಕಿಟಕಿ. ಕಾಲು ನೆಲ ಮುಟ್ಟದಷ್ಟು ಸಂಭ್ರಮ. ಮುಂಗೈ ಕಪ್ಪಾಗದಿರಲೆಂದು ಬೇಸಿಗೆಯಲ್ಲೂ ಉದ್ದ ತೋಳಿನ ರವಿಕೆ. ಗುಲಾಬಿ, ತಿಳಿಗುಲಾಬಿ, ಅದಕ್ಕೂ ತಿಳಿಯಾದ ಗುಲಾಬಿ, ಎಲ್ಲವೂ ಆ ಒಂದೇ ಕೈಯ ಮೇಲೆ ಪಾಸಾದವು.

ಅವಳಿಗೊಬ್ಬಳು ತಂಗಿ. ಚಿಕ್ಕಂದಿನಲ್ಲಿ ಇಬ್ಬರೂ ಒಟ್ಟಿಗೆ ಬೀದಿಗಿಳಿದರೆ ಪಕ್ಕದ ಮನೆಯವರು "ಹಾಲು ಬಂತು, ಹಿಂದೆ ಡಿಕಾಕ್ಷನ್ನೂ ಬಂತು" ಎನ್ನುತ್ತಿದ್ದರು. ಅಮ್ಮನೂ ನಗುತ್ತಿದ್ದಳು. ಅಕ್ಕನೂ ನಕ್ಕಿದ್ದಾಳೆ. ತಂಗಿ ನಕ್ಕದ್ದು ನೆನಪಿಲ್ಲ.

ಹದಿನೆಂಟು ವರ್ಷಗಳ ಹಿಂದೆ ತಂಗಿಗೆ ಒಂದು ಹೋಟೆಲಿನಿಂದ ಕರೆ ಬಂತು. ಬಾಗಿಲಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುವ ಕೆಲಸ. ಹದಿನೈದು ದಿನ ಅಡುಗೆಮನೆಯಲ್ಲಿ ಸೌಟನ್ನು ಫೋನಿನಂತೆ ಕಿವಿಗಿಟ್ಟುಕೊಂಡು, "ನಮಸ್ಕಾರ, ಏನು ಸಹಾಯ ಬೇಕಿತ್ತು?" ಎಂದು ಅಭ್ಯಾಸ ಮಾಡಿದ್ದಳು. ಹೊರಡುವ ದಿನ ಅಕ್ಕ ಹೆಮ್ಮೆಯಿಂದ ಹೊಸ ತಿಳಿಗುಲಾಬಿ ಡಬ್ಬಿ ತೆರೆದಳು. ಮುಂಗೈಯ ಮೇಲೆ ಒಂದು ಗೀಟು ಎಳೆದು ನೋಡಿದಳು. ಚೆನ್ನಾಗಿ ಕಂಡಿತು. ಹಳದಿ ಬಲ್ಬಿನ ಕೆಳಗೆ ತಂಗಿಯ ಎರಡೂ ಕೆನ್ನೆಗೆ ಹಚ್ಚಿ ಬೆನ್ನು ತಟ್ಟಿ ಕಳಿಸಿದಳು.

ತಿಳಿ ಬಣ್ಣಗಳಲ್ಲಿ ಬಿಳಿ ಪುಡಿ ಜಾಸ್ತಿ. ಕಪ್ಪು ಕೆನ್ನೆಯ ಮೇಲೆ ಅದು ಬೂದಿಯಂತೆ ಕೂರುತ್ತದೆ. ಹೋಟೆಲಿನ ದೊಡ್ಡ ಗಾಜಿನ ಬಾಗಿಲ ಬೆಳಕಿನಲ್ಲಿ ಅಧಿಕಾರಿ ತಂಗಿಯನ್ನು ನೋಡಿ, "ಹುಷಾರಿಲ್ವಾ? ಜ್ವರ ಬಂದಿದೆಯಾ?" ಎಂದು ಕೇಳಿ, ಕುಡಿಯಲು ನೀರು ಕೊಡಿಸಿ, ಮರ್ಯಾದೆಯಿಂದಲೇ ಮನೆಗೆ ಕಳಿಸಿದ. ಬಣ್ಣ ಹಚ್ಚಿದ್ದೇನೆ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಮತ್ತೆ ಕರೆಯೂ ಬರಲಿಲ್ಲ.

ಮುಂದಿನ ತಿಂಗಳು ತಂಗಿ ಇದೇ ಕಾರ್ಖಾನೆಯ ಪ್ಯಾಕಿಂಗ್‌ಗೆ ಸೇರಿದಳು. ಡಬ್ಬಿಯ ಮುಚ್ಚಳದೊಳಗಿನ ಪುಟ್ಟ ಕನ್ನಡಿ ಒರೆಸುವುದು ಅವಳ ಕೆಲಸ. ದಿನಕ್ಕೆ ಆರುನೂರು ಕನ್ನಡಿ. ಆದರೆ ಅಂದಿನಿಂದ ತನ್ನ ಕೆನ್ನೆಗೆ ಬಣ್ಣ ಮುಟ್ಟಿಸಿಲ್ಲ.

"ನಾನು ತಪ್ಪನ್ನೆಲ್ಲ ಬಲ್ಬಿನ ಮೇಲೆ ಹಾಕಿದೆ" ಎನ್ನುತ್ತಾಳೆ ಬಣ್ಣದಕ್ಕ. "ಅದಕ್ಕೇ ಬೆಳಗ್ಗೆ ಬೇಗ ಬರೋಕೆ ಶುರು ಮಾಡಿದ್ದು. ಒಳ್ಳೆ ಬೆಳಕಲ್ಲಿ ಮತ್ತೆ ನನ್ನ ಕೈನೇ ನೋಡ್ಕೊಂಡು ಕೂತೆ. ಹದಿಮೂರು ವರ್ಷ!"

ಐದು ವರ್ಷಗಳ ಹಿಂದೆ, ಊಟದ ಹೊತ್ತಿನಲ್ಲಿ ಮಾತಿಗೆ ಮಾತು ಬಂದು ತಂಗಿ ಬುತ್ತಿಡಬ್ಬಿಯ ಮುಚ್ಚಳ ಹಾಕುತ್ತ ಹೇಳಿದಳು: "ಬಣ್ಣ ಕೆಟ್ಟಿದ್ದಕ್ಕೆ ನನಗೆ ಬೇಜಾರಿಲ್ಲ ಅಕ್ಕಾ. ಆವತ್ತು ನೀನು ನಿನ್ನ ಕೈ ನೋಡ್ಕೊಂಡೆ. ನನ್ನ ಮುಖ ನೋಡಲೇ ಇಲ್ಲ."

ಮರುದಿನ, ಕೆನ್ನೆಗೆ ಬಣ್ಣ ಹಚ್ಚಿಸಿಕೊಳ್ಳುವವರು ಕೂರಲೆಂದು, ಕಿಟಕಿಯ ಬಳಿ ಒಂದು ಸ್ಟೂಲ್ ಬಂತು.

ಈಗ ಹೊಸ ಬಣ್ಣ ಬಂದರೆ ಪ್ಯಾಕಿಂಗ್‌ನ ಹೆಂಗಸರು ಒಬ್ಬೊಬ್ಬರಾಗಿ ಐವತ್ತನಾಲ್ಕು ಮೆಟ್ಟಿಲು ಹತ್ತಿ ಬರುತ್ತಾರೆ. "ನಮ್ಮ ಮಂಡಿ ಸವೆಸಿ ಊರವರ ಕೆನ್ನೆ ಕೆಂಪು ಮಾಡ್ತೀಯಲ್ಲೇ" ಎಂದು ರೇಗಿಸುತ್ತಾರೆ. ಬಣ್ಣದಕ್ಕನಿಗೆ ಬೇಕಾದದ್ದೂ ಆ ಮೆಟ್ಟಿಲೇ. "ಏದುಸಿರು ಬಿಡುವಾಗ ಕೆನ್ನೆಗೆ ತಾನಾಗೇ ಒಂದು ಬಣ್ಣ ಬರುತ್ತೆ. ನಿಮಗೆ ಒಪ್ಪೋ ಬ್ಲಶ್ ಅದೇ. ಅಂಗಡೀಲಿ ಹುಡುಕೋ ಮುಂಚೆ ಮನೆ ಮೆಟ್ಟಿಲು ಹತ್ತಿ ಕನ್ನಡಿ ನೋಡ್ಕೊಳ್ಳಿ. ಕೈ ಮೇಲೆ ಹಚ್ಚಿ ನೋಡಬೇಡಿ, ಕೆನ್ನೆ ಮೇಲೆ ಹಚ್ಚಿ. ಅರ್ಧ ಗಂಟೆ ಬಿಟ್ಟು ಹೊರಗಿನ ಬೆಳಕಲ್ಲಿ ನೋಡಿ. ಕಪ್ಪಗಿರೋರು ಡಬ್ಬೀಲಿ ಕಡುವಾಗಿ ಕಾಣೋ ಬಣ್ಣಕ್ಕೆ ಹೆದರಬೇಡಿ. ಬ್ರಷ್ ಒಂದ್ಸಲ ಕೊಡವಿ, ತೆಳ್ಳಗೆ ಹಚ್ಚಿದರೆ ಅದೇ ಒಪ್ಪುತ್ತೆ."

ಇಂದು ಅವಳೆದುರು ಇರುವುದು ಇಪ್ಪತ್ತೇಳನೆಯ ನಂಬರಿನ ಬಣ್ಣ, ಕಂಪನಿಯ ಅತ್ಯಂತ ಕಡು ಬ್ಲಶ್. ಹನ್ನೊಂದು ಕೆನ್ನೆಗಳ ಮೇಲೆ ಪಾಸಾಗಿದೆ. ಕೆನ್ನೆಗಳ ಲೆಕ್ಕ ಬರೆದಿಡುವ ಪುಸ್ತಕದಲ್ಲಿ ಹನ್ನೆರಡನೆಯ ಸಾಲು ಖಾಲಿ. ಎಂಟು ಗಂಟೆಗೆ ಅವಳು ಸಹಿ ಹಾಕಿದರೆ ಕೆಳಗೆ ಯಂತ್ರ ಪುಡಿಯನ್ನು ಬಿಲ್ಲೆಯಾಗಿ ಒತ್ತತೊಡಗುತ್ತದೆ. ಆ ಖಾಲಿ ಸಾಲು ತಂಗಿಯದು. ಐದು ವರ್ಷಗಳಲ್ಲಿ ಎಷ್ಟು ಸಲ ಕರೆದರೂ ಒಂದೇ ಉತ್ತರ: "ನನ್ನ ಮುಖ ನಿನ್ನ ಕಾರ್ಖಾನೆಗೆ ಬಾಡಿಗೆಗಿಲ್ಲ."

ಎಂಟು ದಾಟಿ ಹತ್ತು ನಿಮಿಷ. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಬಾಗಿಲಲ್ಲಿ ತಂಗಿ ನಿಂತಿದ್ದಾಳೆ, ಒಂದು ಕೈ ಚೌಕಟ್ಟಿನ ಮೇಲೆ, ಒಂದು ಸೊಂಟದ ಮೇಲೆ.

"ಸಹಿ ಹಾಕ್ತೀಯೋ ಇಲ್ವೋ? ಕೆಳಗೆ ಎಲ್ಲ ಕೈ ಕಟ್ಕೊಂಡು ಕೂತಿದ್ದಾರೆ. ನಿನ್ನ ತಂಗಿ ಅನ್ನೋ ತಪ್ಪಿಗೆ ನನ್ನನ್ನ ಅಟ್ಟಿದ್ರು."

ಬಣ್ಣದಕ್ಕ ಏಳುತ್ತಾಳೆ. "ಅಲ್ಲೇ ನಿಂತಿರು."

"ಬ್ರಷ್ ತಂದ್ರೆ ಇಳಿದು ಹೋಗ್ತೀನಿ ನೋಡು."

"ತರಲ್ಲ ಕಣೇ. ಸುಧಾರಿಸ್ಕೋ."

ತಂಗಿ ಉಸಿರು ತೆಗೆದುಕೊಳ್ಳುತ್ತಾಳೆ. ಕಿಟಕಿಯ ಬೆಳಕು ಬಾಗಿಲವರೆಗೆ ಬಂದಿದೆ. ಅಕ್ಕ ನೋಡುತ್ತಾಳೆ. ಕಪ್ಪು ಚರ್ಮದ ಒಳಗಿನಿಂದ ಕೆನ್ನೆಯ ಮೇಲಕ್ಕೆ ನಿಧಾನವಾಗಿ ಒಂದು ಕೆಂಪು ಏರಿ ಬರುತ್ತಿದೆ. ಗುಲಾಬಿಯಲ್ಲ, ಇಟ್ಟಿಗೆಯದೂ ಅಲ್ಲ. ಬೀಟ್‌ರೂಟ್ ಹೆಚ್ಚಿದ ಮಣೆಯ ಮೇಲೆ ಉಳಿಯುವ ಕೆಂಪು. ಎಡಗಣ್ಣಿನ ಕೆಳಗೊಂದು ಮಚ್ಚೆ. ಅದು ಯಾವಾಗಿನಿಂದ ಇದೆಯೋ ಅಕ್ಕನಿಗೆ ಗೊತ್ತಿಲ್ಲ.

"ಆಯ್ತಾ?" ತಂಗಿ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾಳೆ.

"ಆಯ್ತು. ಕೆಳಗೆ ಹೇಳು, ಇಪ್ಪತ್ತೇಳು ಇವತ್ತಿಲ್ಲ. ಇನ್ನೊಂದು ವಾರ ಬೇಕು."

"ಹನ್ನೊಂದು ಜನ ಸರಿ ಅಂದ್ರಂತಲ್ಲ!"

"ಅವರಿಗೆ ಸರಿ."

ತಂಗಿ ಮೆಟ್ಟಿಲಿಳಿಯುತ್ತಾಳೆ. ಇಳಿಯುವ ಸದ್ದು ಹತ್ತಿದ್ದಕ್ಕಿಂತ ನಿಧಾನ.

ಬಣ್ಣದಕ್ಕ ಇಪ್ಪತ್ತೇಳರ ಪುಡಿಯ ಬಟ್ಟಲಿಗೆ ಕಡುಗೆಂಪಿನ ಒಂದು ಚಿಟಿಕೆ ಸೇರಿಸುತ್ತಾಳೆ. ಯಜಮಾನರು ಬೈಯುವುದಿಲ್ಲವೇ ಎಂದರೆ, "ಬೈಲಿ. ಹದಿನೆಂಟು ವರ್ಷ ತಡ ಮಾಡಿದೀನಿ, ಇನ್ನೊಂದು ವಾರ ಯಾವ ಲೆಕ್ಕ" ಎನ್ನುತ್ತಾಳೆ. ಆಮೇಲೆ ಕಲಸುತ್ತಲೇ, ತನಗೆ ತಾನೇ ಎಂಬಂತೆ: "ಅವಳು ಹಚ್ಕೊಳ್ಳಲಿ ಅಂತ ನಾನು ಕೇಳಲ್ಲ. ಕನ್ನಡಿ ಒರೆಸುವಾಗ ಈ ಬಣ್ಣ ನೋಡಿ, ಇದು ನನ್ನದು ಅಂತ ಅವಳಿಗೆ ಒಂದ್ಸಲ ಅನ್ನಿಸಿದರೆ ಸಾಕು."

ಎಡ ಮುಂಗೈ ಮುಚ್ಚುವಂತೆ ಅವಳು ರವಿಕೆಯ ತೋಳು ಇಳಿಬಿಟ್ಟಿದ್ದಾಳೆ.